ಗೂಟದ ಮೇಲಿನ ಬೂಟು

ಅಲ್ಕಲಿ ಜಂಕ್ಷನ್, ನೆವಾಡಾ
ಏಪ್ರಿಲ್ 9, 1985

ಕಾಲ್ಡರ್‌ಬ್ರೂಕ್ ಆಟಿಕೆ ಕಂಪನಿಯ ವ್ಯವಸ್ಥಾಪಕರಿಗೆ,
ವುಸ್ಟರ್, ಮ್ಯಾಸಚೂಸೆಟ್ಸ್

ನಾನು ಈ ಊರಿನ ಲೈಬ್ರರಿ ನೋಡಿಕೊಳ್ಳುವವಳು. ಆಟಿಕೆಯೊಂದರ ವಿಷಯಕ್ಕೆ ಪತ್ರ ಬರೆಯುವ ಪ್ರಸಂಗ ಬಂದೀತೆಂದು ಎಂದೂ ಎಣಿಸಿರಲಿಲ್ಲ.

ನಿನ್ನೆ ಮಾರ್ಸೆಲಿನೊ ಅಂಗಡಿಗೆ ಹಿಟ್ಟು ತರಲು ಹೋಗಿದ್ದೆ. ಗಲ್ಲಾದ ಹಿಂದಿನಿಂದಲೇ ಅವನು ಕೂಗಿದ: "ಬಾ ಗ್ರಾಸಿಯಾನಾ, ಬಾ! ನಿನ್ನ ತಮ್ಮ ಕೊನೆಗೂ ಯುದ್ಧದಿಂದ ವಾಪಸ್ ಬಂದ ನೋಡು. ಸ್ವಲ್ಪ ಗಿಡ್ಡ ಆಗಿದಾನೆ, ಅಷ್ಟೆ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನ ಕೈಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಸೈನಿಕನಿದ್ದ. ನಿಮ್ಮ "ಉಪ್ಪುಗಾಳಿ". ಮರುಭೂಮಿಯ ಯೋಧ. ಡಬ್ಬದ ಹಿಂದಿನ ರಟ್ಟಿನಲ್ಲಿ ನೀವು ಅಚ್ಚು ಹಾಕಿಸಿರುವುದು ಹೀಗಿದೆ: "ನಿಜನಾಮ: ಬೆನ್ಯಾತ್ ಎಟ್ಚಾರ್ಟ್. ಹುಟ್ಟೂರು: ಅಲ್ಕಲಿ ಜಂಕ್ಷನ್, ನೆವಾಡಾ. ಕುರಿ ಕಾಯುವವರ ಮಗ. ನೀರಿಲ್ಲದ ನೆಲದಲ್ಲಿ ನೀರಿನ ಜಾಡು ಹಿಡಿಯಬಲ್ಲ. ಬೂಟುಗಳನ್ನು ತಲೆಕೆಳಗಾಗಿ ಗೂಟಕ್ಕೆ ಸಿಕ್ಕಿಸದೆ ಎಂದೂ ಮಲಗುವುದಿಲ್ಲ."

ಬೆನ್ಯಾತ್ ಎಟ್ಚಾರ್ಟ್ ನನ್ನ ತಮ್ಮನ ಹೆಸರು. ಕುರಿ ಕಾಯಲು ಕಡಲಾಚೆಯಿಂದ ಬಂದ ಬಾಸ್ಕ್ ಜನರ ಹೆಸರು. ಇಡೀ ರಾಜ್ಯದ ಫೋನ್ ಪುಸ್ತಕ ತಿರುವಿದರೂ ಎರಡನೆಯವನು ಸಿಕ್ಕುವುದಿಲ್ಲ. ಆ ಮುಖವೂ ಅವನದೇ, ಆ ಬೂಟಿನ ಚಟವೂ ಅವನದೇ. ಈ ಊರಿನಲ್ಲಿ ಚೇಳಿಗೆ ಹೆದರಿ ಎಲ್ಲರೂ ಬೆಳಿಗ್ಗೆ ಬೂಟು ಕೊಡವಿಯೇ ಕಾಲಿಗೆ ಹಾಕಿಕೊಳ್ಳುತ್ತಾರೆ. ಗೂಟಕ್ಕೆ ಸಿಕ್ಕಿಸುತ್ತಿದ್ದವರು ನಮ್ಮಪ್ಪ ಮತ್ತು ಅವರ ಮಗ ಮಾತ್ರ. ಇದು ನಿಮಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು?

ನನಗೆ ನೆನಪು ಬಲವಾಗಿದೆ. ನಾನು ಶಾಲೆಗೆ ಹೋಗುತ್ತಿದ್ದಾಗ ದಕ್ಷಿಣದ ಬಯಲಿನಲ್ಲಿ ಸರ್ಕಾರದವರು ಪರೀಕ್ಷೆಗೆಂದು ಅಣುಬಾಂಬು ಸಿಡಿಸುತ್ತಿದ್ದರು. ಒಂದು ವಸಂತದಲ್ಲಿ ಅಪ್ಪನ ಕುರಿಗಳ ಬೆನ್ನಿನ ಉಣ್ಣೆ ಹಿಡಿ ಹಿಡಿಯಾಗಿ ಉದುರಿತು. ಹೊಳೆಯುವ ಶೂ ಹಾಕಿಕೊಂಡ ಇಬ್ಬರು ಬಂದು, ನಿಮ್ಮ ಮೇವು ಸರಿಯಿಲ್ಲ ಅಂದು ಹೋದರು. ಅಂದಿನಿಂದ ಸರ್ಕಾರದ ಕೆಲಸಕ್ಕೆ ನಮ್ಮ ಮನೆ ಕುರಿ ಕೊಟ್ಟಿದೆ, ಹುಲ್ಲುಗಾವಲು ಕೊಟ್ಟಿದೆ, ಮಗನನ್ನು ಕೊಟ್ಟಿದೆ. ಅವನ ಹೆಸರನ್ನೂ ಕೊಡುವುದಿಲ್ಲ. ಯುದ್ಧವನ್ನು ಮಿಠಾಯಿ ಪಕ್ಕದ ಕಪಾಟಿನಲ್ಲಿಟ್ಟು ಮಾರುವುದು ನಿಮ್ಮ ಕಸುಬಾದರೆ ಮಾರಿಕೊಳ್ಳಿ. ಆ ರಟ್ಟಿನಿಂದ ಹೆಸರನ್ನೂ ಊರನ್ನೂ ಕೂಡಲೇ ತೆಗೆಯಿರಿ. ಬೂಟಿನ ಸಾಲನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ.

ಗ್ರಾಸಿಯಾನಾ ಎಟ್ಚಾರ್ಟ್


ಏಪ್ರಿಲ್ 10

ತಮ್ಮಾ,

ಓದಿ ಸುಟ್ಟುಬಿಡು. ಎಂದಿನ ಹಾಗೆ ಗಾಳಿಯಂತ್ರದ ಬುಡದಲ್ಲಿಟ್ಟ ಡಬ್ಬಿಯೊಳಗೆ ರೊಟ್ಟಿ, ಬೀನ್ಸು, ಸಾಸೇಜು ಇದೆ. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿರೋದನ್ನ ನೋಡು. ನೋಡಿ ನಗಬೇಡ, ನನಗೆ ನಗು ಬರ್ತಾ ಇಲ್ಲ.

ನಿನ್ನ ಮುಖ ಈಗ ದೇಶದ ಎಲ್ಲಾ ಅಂಗಡಿಯಲ್ಲೂ ನೇತಾಡ್ತಾ ಇದೆ. ನೀನು ಕೆನಡಾದಲ್ಲಿದೀಯ ಅಂತ ಊರನ್ನು ನಂಬಿಸೋಕೆ ನಾನು ಇಷ್ಟು ವರ್ಷ ಹಾಡಿದ್ದೇ ಹಾಡಿದೀನಿ. ಆಸ್ಪತ್ರೆಯಿಂದ ರಜೆ ಕೊಟ್ಟಾಗ ತಿರುಗಿ ಯುದ್ಧಕ್ಕೆ ಹೋಗಲಿಲ್ಲ ಅಂತ ಸೈನ್ಯದವರು ನಿನ್ನನ್ನ ಹುಡುಕ್ಕೊಂಡು ಬಂದಿದ್ರಲ್ಲ, ಆ ಕಡತ ಅವರು ಮುಚ್ಚಿಲ್ಲ. ಓಡಿಹೋದ ಸೈನಿಕರ ಹೆಸರು ಅವರ ಹತ್ತಿರ ಹಾಗೇ ಇರುತ್ತೆ. ನಮ್ಮ ಪುಣ್ಯ, ಅದರ ಮೇಲೆ ಧೂಳು ಕೂತಿತ್ತು. ಈಗ ಯಾರೋ ಊದಿದಾರೆ.

ಮಕ್ಕಳಿರೋ ರ‍್ಯಾಂಚಿಗೆ ನೀರೆತ್ತೋ ಗಾಳಿಯಂತ್ರ ರಿಪೇರಿಗೆ ಅಂತ ಹೋಗಬೇಡ. ದೊಡ್ಡವರು ನೀನು ಹೇಳಿದ ಸುಳ್ಳು ಹೆಸರು ನಂಬಿ ನಿನ್ನನ್ನ ಲೋವೆಲ್ ಅಂತಾರೆ, ನಿನ್ನ ಕೈ ನೋಡ್ತಾರೆ, ಯಂತ್ರ ತಿರುಗಿದ್ರೆ ಸಾಕು ಅವರಿಗೆ. ಮಕ್ಕಳು ಮುಖ ನೋಡ್ತಾರೆ. ಗಡ್ಡ ಬಿಡು. ಬೂಟನ್ನ ಹೊರಗೆ ಸಿಕ್ಕಿಸಬೇಡ, ಒಳಗಿಟ್ಟುಕೊಂಡು ಕೊಡವಿ ಹಾಕ್ಕೋ. ಅಪ್ಪ ಬಯ್ಯಲ್ಲ ಬಿಡು.

ಮುಖ ಇಷ್ಟು ಸರಿಯಾಗಿ ಬರಬೇಕಾದ್ರೆ ಫೋಟೊ ನೋಡಿಯೇ ಮಾಡಿರಬೇಕು. ಯುದ್ಧದಲ್ಲಿ ನಿನ್ನ ಫೋಟೊ ಇಟ್ಟುಕೊಂಡಿದ್ದ ಗೆಳೆಯ ಯಾರೋ? ಒಂದು ಹೆಸರಾದ್ರೂ ಬರೆದಿಡು.

ಅಕ್ಕ


ವುಸ್ಟರ್, ಮ್ಯಾಸಚೂಸೆಟ್ಸ್
ಏಪ್ರಿಲ್ 24, 1985

ಮಾನ್ಯ ಎಟ್ಚಾರ್ಟ್ ಅವರಿಗೆ,

ನಿಮ್ಮ ಪತ್ರ ನನ್ನ ಮೇಜಿಗೆ ಬಂತು. ಆ ರಟ್ಟನ್ನು ಬರೆದವನು ನಾನೇ. ಬೆನ್ಯಾತ್‌ನ ಮನೆಯವರು ಯಾರೂ ಉಳಿದಿಲ್ಲ ಅಂದುಕೊಂಡಿದ್ದೆ. ಅವನಿಗೊಬ್ಬಳು ಅಕ್ಕ ಇದ್ದಾಳೆಂದು ಓದಿ, ಎದ್ದು ಬಾಗಿಲು ಹಾಕಿಕೊಂಡು ಪತ್ರವನ್ನು ಮೊದಲಿನಿಂದ ಮತ್ತೆ ಓದಿದೆ.

ನಮ್ಮ ಕೆಲಸದ ರೀತಿ ಹೇಳುತ್ತೇನೆ. ಪ್ರತಿ ಸೈನಿಕನಿಗೂ ಒಂದು ಹೆಸರು, ಒಂದು ಊರು, ಒಂದು ಚಟ ಬೇಕು. ಬರೆಯುವವರು ಇಬ್ಬರೇ. ಕಲ್ಪನೆ ಬೇಗ ಬತ್ತಿಹೋಗುತ್ತದೆ, ಆಗ ಸೋದರಮಾವ, ಹಳೇ ಮೇಷ್ಟ್ರು, ಹಜಾಮ, ಎಲ್ಲರ ಹೆಸರನ್ನೂ ಹಾಕುತ್ತೇವೆ. ನಮ್ಮ ಬಾಂಬು ತಜ್ಞನ ಹೆಸರು ನನ್ನ ಹಲ್ಲಿನ ಡಾಕ್ಟರದು. ಅವರು ಆ ರಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದಾರೆ. ಇಷ್ಟು ದಿನ ಯಾರೂ ಸಿಟ್ಟಾಗಿರಲಿಲ್ಲ.

ಬೆನ್ಯಾತ್‌ನ ಹೆಸರನ್ನು ಮಾತ್ರ ಹಾಗೆ ಹಾಕಿದ್ದಲ್ಲ. ಕಾಲಿಗೆ ಗುಂಡು ಬಿದ್ದು ನಾನು ನಡೆಯಲಾರದಾದಾಗ ಅವನು ನನ್ನನ್ನು ಹೆಗಲ ಮೇಲೆ ಹೊತ್ತು ತುಂಬಿದ ಹೊಳೆ ದಾಟಿಸಿದ. ನೀರು ಅವನ ಗದ್ದದವರೆಗೆ ಬಂದಿತ್ತು. "ಅಲುಗಾಡಬೇಡ ಕಣೋ ಡೆಸ್, ನೀನು ಕುರಿಗಿಂತ ಭಾರ. ನಮ್ಮೂರಲ್ಲಿ ಇಷ್ಟು ನೀರಿದ್ದಿದ್ರೆ ನಾನ್ಯಾಕೆ ಕುರಿ ಕಾಯ್ತಿದ್ದೆ, ಮೀನು ಹಿಡೀತಿದ್ದೆ" ಅನ್ನುತ್ತಲೇ ನಡೆದ. ದಡ ಹತ್ತುವಾಗ ಅವನಿಗೂ ಗುಂಡು ತಗುಲಿತು. ಆಮೇಲೆ ಅವನು ಕ್ಯಾಲಿಫೋರ್ನಿಯಾದ ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ನಮ್ಮ ದಳದವನೊಬ್ಬ ಹೇಳಿದ.

ಅಲ್ಲಿನ ಕೆಸರಿನಲ್ಲೂ ಅವನು ಬಿದಿರು ಗೂಟ ನೆಟ್ಟು ಬೂಟು ಸಿಕ್ಕಿಸುತ್ತಿದ್ದ. ಮೊದಲು ನಗುತ್ತಿದ್ದೆವು. ಒಬ್ಬನ ಬೂಟಿನಿಂದ ಹಾವಿನ ಮರಿ ಬಿದ್ದ ಮೇಲೆ ಇಡೀ ದಳವೇ ಗೂಟ ನೆಟ್ಟಿತು. ಶಿಲ್ಪಿಗೆ ಕೊಟ್ಟದ್ದು ನನ್ನ ಬಳಿಯಿದ್ದ ಒಂದೇ ಫೋಟೊ. ಅವನು ಮಕ್ಕಳ ಕೈಯಲ್ಲಾದರೂ ಬದುಕಿರಲಿ ಅನ್ನಿಸಿತ್ತು. ನಿಮ್ಮ ದುಃಖವನ್ನು ಕೆದಕಿದ್ದೇನೆ. ಕ್ಷಮಿಸಿ.

ಡೆಸ್ಮಂಡ್ ಫಾರ್ಲಿ


ಅಲ್ಕಲಿ ಜಂಕ್ಷನ್
ಮೇ 2, 1985

ಶ್ರೀ ಫಾರ್ಲಿ ಅವರಿಗೆ,

ನಿಮ್ಮ ಕಾಲು ಉಳಿದದ್ದಕ್ಕೆ ಸಂತೋಷ. ನಿಮ್ಮ ದುಃಖ ನಿಮ್ಮದು, ಅದನ್ನು ನನಗೆ ಹಂಚಬೇಡಿ. ನನ್ನ ತಮ್ಮನ ಬಗ್ಗೆ ನಾನು ಯಾರೊಂದಿಗೂ ಮಾತಾಡುವುದಿಲ್ಲ, ನಿಮ್ಮೊಂದಿಗೂ ಇಲ್ಲ.

ಹೆಸರು ತೆಗೆಯಿರಿ. ಆ ಫೋಟೊವನ್ನು ಸುಟ್ಟುಹಾಕಿ. ಇದು ವಿನಂತಿ ಅಲ್ಲ.

ಗ್ರಾ. ಎಟ್ಚಾರ್ಟ್


ವುಸ್ಟರ್
ಮೇ 28, 1985

ಪ್ರಿಯ ಗ್ರಾಸಿಯಾನಾ ಅವರಿಗೆ,

ಒಳ್ಳೆಯ ಸುದ್ದಿ ಇದೆ. ಬರುವ ವರ್ಷದ ಅಚ್ಚಿನಲ್ಲಿ ಹೆಸರು ಬದಲಾಗುತ್ತದೆ. ಈಗಾಗಲೇ ಅಂಗಡಿ ಸೇರಿದ್ದನ್ನು ವಾಪಸ್ ತರಿಸಲು ನನ್ನ ಕೈಲಾಗದು.

ನಿಮ್ಮ ಪತ್ರದ ಸಿಟ್ಟಿನ ಹಿಂದೆ ಏನಿದೆಯೆಂದು ನನಗೆ ಅರ್ಥವಾಯಿತು. ಅವನಿಗೆ ನೆನಪಿನ ಒಂದು ಕಲ್ಲು ಕೂಡ ಇಲ್ಲ, ಅಲ್ಲವೇ? ಗೌರವ ಸಿಗಬೇಕಾದ ಕಡೆ ಆಟಿಕೆ ಸಿಕ್ಕಿತು. ಹೊಳೆಯ ಕತೆಯನ್ನು ನಮ್ಮ ಯಜಮಾನರಿಗೆ ಹೇಳಿದೆ. ಅವರ ಕಣ್ಣು ತುಂಬಿತು. ನವೆಂಬರಿನ ಯೋಧರ ದಿನ ಕಂಪನಿಯ ಖರ್ಚಿನಲ್ಲೇ ನಿಮ್ಮೂರಿನ ಶಾಲೆಯ ಮುಂದೆ ಬೆನ್ಯಾತ್ ಹೆಸರಿನಲ್ಲಿ ಕಲ್ಲು ನಿಲ್ಲಿಸುತ್ತಾರೆ. ಪತ್ರಿಕೆಯವರು ಬರುತ್ತಾರೆ, ನಾನೂ ಬರುತ್ತೇನೆ. ಕಲ್ಲಿನ ಮೇಲೆ ಅವನ ಪದಕಗಳನ್ನು ತಪ್ಪಿಲ್ಲದೆ ಕೆತ್ತಬೇಕಲ್ಲ, ಅದಕ್ಕೆ ಸೈನ್ಯದ ದಾಖಲೆ ಕಚೇರಿಗೆ ಪೂರ್ತಿ ವಿವರ ಕೇಳಿ ಬರೆದಿದ್ದೇನೆ. ನಿಮ್ಮ ವಿಳಾಸವನ್ನೂ ಕೊಟ್ಟಿದ್ದೇನೆ.

ಇಷ್ಟಾದರೂ ಮಾಡಲು ಬಿಡಿ.

ಡೆಸ್ಮಂಡ್


ತಂತಿ
ಜೂನ್ 3, 1985

ದಾಖಲೆ ಕಚೇರಿ ಪತ್ರ ಕೂಡಲೇ ಹಿಂತೆಗೆದುಕೊಳ್ಳಿ. ಕಲ್ಲು ಬೇಡ. ಯಾರೂ ಬರಬೇಡಿ. ಎಟ್ಚಾರ್ಟ್


ಜೂನ್ 3

ತಮ್ಮಾ,

ಅವಸರದಲ್ಲಿ ಬರೀತಿದೀನಿ, ಅಕ್ಷರ ನೋಡಿ ಬಯ್ಯಬೇಡ. ನಿನ್ನ ಆ ಹೊಳೆಯ ಗೆಳೆಯ, ಡೆಸ್ ಅಂತೆ, ನಿನ್ನ ಮೇಲಿನ ಪ್ರೀತಿಗೆ ನಿನ್ನ ಹೆಸರು ಬರೆದು ಸೈನ್ಯದವರ ಕೈಗೇ ಕೊಟ್ಟಿದಾನೆ. ನನ್ನ ವಿಳಾಸ ಸಮೇತ. ವೈರಿ ಆಗಿದ್ರೆ ಬಯ್ದು ಸುಮ್ಮನಾಗ್ತಿದ್ದೆ. ಇವನನ್ನ ಏನು ಮಾಡೋದು ಹೇಳು. ಅವನಿಗೆ ನಿಜ ಬರೆಯೋಣ ಅಂತ ಕೂತೆ, ಹಾಳೆ ಹರಿದೆ. ಕಾಗದ ಯಾರ ಕೈ ದಾಟಿ ಹೋಗುತ್ತೋ.

ಉತ್ತರದ ಗುಡ್ಡದ ಕಡೆ ಹೋಗಿಬಿಡು. ಬೇಸಿಗೆ ಅಂತ ನೀನು ಯೋಚಿಸಬೇಡ. ಹಳೇ ಕುರಿ ಬಿಡಾರದ ಒರತೆ ಈ ವರ್ಷ ಬತ್ತಿಲ್ಲ ಅಂತ ಮಾರ್ಸೆಲಿನೊ ಅಂತಿದ್ದ. ಡಬ್ಬಿಯಲ್ಲಿ ಕೆಂಪು ದಾರ ಇಟ್ಟಿದೀನಿ. ತಲುಪಿತು ಅಂತ ಗೊತ್ತಾಗೋಕೆ ಅದನ್ನ ತಗೊಂಡು ಹೋಗು. ಅಷ್ಟು ಸಾಕು ನನಗೆ.

ಅಕ್ಕ


ವುಸ್ಟರ್
ಜೂನ್ 11, 1985

ಪ್ರಿಯ ಗ್ರಾಸಿಯಾನಾ ಅವರಿಗೆ,

ತಂತಿ ತಲುಪಿತು. ಯುದ್ಧವನ್ನು ನೀವು ದ್ವೇಷಿಸುತ್ತೀರಿ. ಕುರಿಗಳ ಕತೆ ಓದಿದವನಿಗೆ ಅದು ತಿಳಿಯದೆ ಇರುತ್ತದೆಯೇ? ಕಲ್ಲಿನ ಮೇಲೆ ಯುದ್ಧವನ್ನು ಹೊಗಳುವ ಒಂದು ಮಾತೂ ಇರದಂತೆ ನಾನೇ ನೋಡಿಕೊಳ್ಳುತ್ತೇನೆ. ಕಚೇರಿಗೆ ಬರೆದದ್ದು ಹೋಗಿಯಾಯಿತು. ಸತ್ತವನ ವಿವರ ಕೇಳಿದರೆ ಯಾರಿಗೆ ಏನು ನಷ್ಟ? ನೀವು ಇಷ್ಟು ಗಾಬರಿಯಾಗುವುದು ನನಗೆ ಅರ್ಥವಾಗುತ್ತಿಲ್ಲ. ಅರ್ಥವಾಗುವಂತೆ ಒಂದು ಸಾಲು ಬರೆಯಿರಿ.

ಡೆಸ್ಮಂಡ್


ವುಸ್ಟರ್
ಜುಲೈ 1, 1985

ಗ್ರಾಸಿಯಾನಾ ಅವರಿಗೆ,

ನೀವು ಉತ್ತರ ಬರೆಯಲಿಲ್ಲ. ಬರೆಯದೆ ಒಳ್ಳೆಯದು ಮಾಡಿದಿರಿ. ಮುಂದೆಯೂ ಬರೆಯಬೇಡಿ.

ಇವತ್ತು ಸೈನ್ಯದ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಪದಕಗಳ ಬಗ್ಗೆ ಹೇಳುತ್ತಾರೆಂದು ಪೆನ್ನು ಹಿಡಿದು ಕೂತೆ. ಅವರು ಹೇಳಲಿಲ್ಲ, ಕೇಳಿದರು. "ಅವರು ಸತ್ತರು ಅಂತ ನಿಮಗೆ ಹೇಳಿದ್ದು ಯಾರು?" "ನೀವು ಅವರನ್ನು ಕೊನೇ ಸಲ ನೋಡಿದ್ದು ಎಲ್ಲಿ? ಸರಿಯಾಗಿ ನೆನಪು ಮಾಡ್ಕೊಳ್ಳಿ, ಆತುರ ಏನಿಲ್ಲ." "ಅವರ ಅಕ್ಕ ನಿಮಗೆ ಎಷ್ಟು ಪತ್ರ ಬರೆದಿದಾರೆ? ಅದರಲ್ಲಿ ಸತ್ತ ಅನ್ನೋ ಮಾತು ಎಲ್ಲಾದರೂ ಇದೆಯಾ?"

ಫೋನ್ ಇಟ್ಟ ಮೇಲೆ ನಿಮ್ಮ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ಆ ಮಾತು ಎಲ್ಲೂ ಇಲ್ಲ.

ಸಂತೋಷಪಡಬೇಕಾದ ಕ್ಷಣ ಅದು. ಆದರೆ ಎರಡೂ ಒಟ್ಟಿಗೇ ತಿಳಿಯಿತು, ಏನು ನಿಜ ಅನ್ನುವುದೂ, ನಾನು ಏನು ಮಾಡಿಬಿಟ್ಟಿದ್ದೇನೆ ಅನ್ನುವುದೂ. ಇದಕ್ಕಿಂತ ಹೆಚ್ಚು ಕಾಗದದ ಮೇಲೆ ಬರೆಯುವುದಿಲ್ಲ. ನಿಮ್ಮ ಪತ್ರಗಳನ್ನು ಒಲೆಗೆ ಹಾಕಿದೆ. ನೀವೂ ನನ್ನವನ್ನು ಹಾಗೇ ಮಾಡಿ.

ಮುಂದಿನ ವಾರ ಅವರು ಇಲ್ಲಿಗೇ ಬರುತ್ತಾರಂತೆ. ನಾನು ಹೊಟ್ಟೆ ಹೊರೆಯುವುದೇ ಕತೆ ಕಟ್ಟಿ. ಈ ಸಲ ಚೆನ್ನಾಗಿ ಕಟ್ಟುತ್ತೇನೆ.

ಡಿ.


ಕಾಲ್ಡರ್‌ಬ್ರೂಕ್ ಆಟಿಕೆ ಕಂಪನಿ
ಜುಲೈ 15, 1985

ಮಾನ್ಯ ಎಟ್ಚಾರ್ಟ್ ಅವರಿಗೆ,

ಈ ಪತ್ರವನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು.

ನಮ್ಮ "ಉಪ್ಪುಗಾಳಿ" ಎಂಬ ಆಟಿಕೆ ಸೈನಿಕನು ಸಂಪೂರ್ಣ ಕಾಲ್ಪನಿಕ. ನಿಮ್ಮ ಸಹೋದರರ ಪರಿಚಯ ನನಗೆ ಹೇಳಿಕೊಳ್ಳುವಷ್ಟು ಇರಲಿಲ್ಲ. ಹಾಜರಿ ಕರೆಯುವಾಗ ಕಿವಿಗೆ ಬಿದ್ದ ಹೆಸರು ಅಪರೂಪದ್ದೆನಿಸಿ ಉಪಯೋಗಿಸಿಕೊಂಡೆ. ಮುಖ ನಮ್ಮ ಶಿಲ್ಪಿಯ ಭಾವಮೈದುನನದು. ಬೂಟಿನ ವಿವರ ಯಾವುದೋ ಪತ್ರಿಕೆಯಲ್ಲಿ ಓದಿದ್ದು. ಅವರು ತೀರಿಕೊಂಡರೆಂದದ್ದು ಹೋಟೆಲಿನಲ್ಲಿ ಕೇಳಿದ ಹರಟೆ. ದಾಖಲೆ ಕಚೇರಿಗೆ ನಾನು ಬರೆದದ್ದು ಜಾಹೀರಾತಿಗೆ ಬಣ್ಣ ಕೊಡಲು. ಇದನ್ನು ನನ್ನನ್ನು ಭೇಟಿಯಾದ ಮಹನೀಯರಿಗೂ ತಿಳಿಸಿ ಸಹಿ ಹಾಕಿಕೊಟ್ಟಿದ್ದೇನೆ. ನನ್ನನ್ನು ಯಾರೂ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿರಲಿಲ್ಲ. ದಾಟಿಸಿದ್ದರೆ ಆ ಮನುಷ್ಯನನ್ನು ಸಾಯುವವರೆಗೆ ಮರೆಯುತ್ತಿರಲಿಲ್ಲ.

ಸ್ಮಾರಕದ ಯೋಜನೆ ರದ್ದಾಗಿದೆ. ಹೊಸ ಅಚ್ಚಿನಲ್ಲಿ ಹೆಸರು, ಊರು, ಬೂಟಿನ ಸಾಲು ಮೂರೂ ಇರುವುದಿಲ್ಲ. ತೊಂದರೆಗಾಗಿ ಕಂಪನಿ ವಿಷಾದಿಸುತ್ತದೆ.

ಡೆಸ್ಮಂಡ್ ಫಾರ್ಲಿ


ಆಗಸ್ಟ್ 20

ತಮ್ಮಾ,

ಇದನ್ನ ಯಾರು ಓದ್ತಾರೋ ಗೊತ್ತಿಲ್ಲದೆ ಬರೀತಿದೀನಿ. ಹೋದ ಸಲ ಇಟ್ಟ ರೊಟ್ಟಿ ಹಾಗೇ ಇತ್ತು, ಇರುವೆ ಮುತ್ತಿತ್ತು. ಕೆಂಪು ದಾರವೂ ಅಲ್ಲೇ ಇತ್ತು, ಹಾಗೇ ಬಿಟ್ಟಿದೀನಿ. ಗಾಳಿಯಂತ್ರದ ನೆರಳಲ್ಲಿ ಕೂತು ಸುತ್ತ ರಣಹದ್ದು ಹಾರ್ತಿದೆಯಾ ಅಂತ ನೋಡಿದೆ. ಅದನ್ನ ನೋಡೋ ಹಾಗೆ ಮಾಡಿದೆಯಲ್ಲೋ ನನ್ನನ್ನ.

ಅವರು ಬಂದಿದ್ರು. ಇಬ್ಬರು. ಅದೇ ಹೊಳೆಯೋ ಶೂ. ಒಬ್ಬ ಮಾತಾಡಲ್ಲ, ಒಬ್ಬ ನಗ್ತಾನೆ. ನಗೋನನ್ನ ಕಂಡ್ರೇ ಹೆಚ್ಚು ಹೆದರಿಕೆ.

"ನಿಮ್ಮ ತಮ್ಮನ ಪತ್ರ ಕೊನೇ ಸಲ ಬಂದಿದ್ದು ಯಾವಾಗಮ್ಮಾ?" ಅಂದ.

"ಅವನು ಪತ್ರ ಬರೆಯೋ ಪೈಕಿ ಅಲ್ಲ. ಓದು ಬರಹ ಎಲ್ಲಾ ನನ್ನ ಪಾಲಿಗೆ ಬಂತು" ಅಂದೆ.

ಫಾರ್ಲಿ ಬರೆದ ಕಂಪನಿಯ ಕಾಗದ ತೋರಿಸಿದೆ. ಓದಿ ಮಡಿಸಿ ವಾಪಸ್ ಕೊಟ್ಟ. ಆಮೇಲೆ ಜೇಬಿಂದ ಆ ರಟ್ಟು ತೆಗೆದ. ಅಂಚು ಸವೆದುಹೋಗಿತ್ತು, ಅಷ್ಟು ಸಲ ಓದಿದಾನೆ. "ಬೂಟು ಗೂಟಕ್ಕೆ ಹಾಕೋ ಪದ್ಧತಿ ಈ ಮನೇಲಿತ್ತಂತೆ?"

"ನಮ್ಮಪ್ಪನಿಗಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತು."

"ಗೂಟ ಇನ್ನೂ ಇದೆಯಲ್ಲಾ?"

"ಅಪ್ಪ ಸತ್ತರೆ ಗೂಟ ಕೀಳಬೇಕು ಅಂತ ಕಾನೂನಿದೆಯಾ?"

ಅವನು ಹಿತ್ತಲಿಗೆ ಹೋಗಿ ಗೂಟದ ತುದಿಯನ್ನ ಬೆರಳಲ್ಲಿ ಸವರಿದ. ಬೆರಳು ತಿರುಗಿಸಿ ನೋಡಿಕೊಂಡ. ನಮ್ಮೂರಲ್ಲಿ ಎಲ್ಲದರ ಮೇಲೂ ಉಪ್ಪುಧೂಳು ಕೂರುತ್ತೆ. ಆ ಎರಡು ಗೂಟದ ತುದಿ ಮೇಲೆ ಕೂತಿರಲಿಲ್ಲ. ಚಳಿಗಾಲದಲ್ಲಿ ಬಂದಾಗೆಲ್ಲ ನೀನು ಬೂಟು ಸಿಕ್ಕಿಸಿ ಸಿಕ್ಕಿಸಿ ಅವು ಮೇಜಿನ ಕಾಲಿನ ಹಾಗೆ ನುಣುಪಾಗಿವೆ. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಆಗ ಅವನ ಕಣ್ಣು ಪಕ್ಕದ ಮನೆ ಬೇಲಿಗೆ ಹೋಯ್ತು. ಆ ಮನೆ ಮಕ್ಕಳ ಬೂಟು ಗೂಟದ ಮೇಲೆ ತಲೆಕೆಳಗಾಗಿ ನಿಂತಿತ್ತು. ನಗು ನಿಂತುಹೋಯ್ತು ಅವನದು. "ಅದು ಯಾರ ಮನೆ?" ಅಂದ. "ನಿಮ್ಮ ಕೈಯಲ್ಲಿರೋ ರಟ್ಟು ಓದಿದೋರ ಮನೆ. ಹೋಗಿ ಹಿಡೀರಿ, ಇನ್ನೂ ಹಾಲುಹಲ್ಲು ಬಿದ್ದಿಲ್ಲ ಅವಕ್ಕೆ" ಅಂದೆ.

ಹೋದರು. ಊರು ಬಿಟ್ಟಿಲ್ಲ. ಅಂಗಡಿ ಹಿಂದಿನ ಮಾರ್ಸೆಲಿನೊನ ಹೋಟೆಲಲ್ಲೇ ಕೋಣೆ ಹಿಡಿದಿದಾರೆ, ಉದ್ದ ಮೇಜಿನಲ್ಲಿ ಎಲ್ಲರ ಜೊತೆ ಕೂತು ಕುರಿ ಮಾಂಸ ತಿಂತಾರೆ. ನಾನು ಇನ್ನು ಈ ಕಡೆ ಬರಲ್ಲ, ಹಿಂದೆ ಕಾರು ಬಂದರೆ ಕಷ್ಟ. ಬದುಕಿದ್ರೆ ಇಲ್ಲಿಗೆ ಬರಬೇಡ. ಬದುಕಿರು.

ಅಕ್ಕ


ಅಲ್ಕಲಿ ಜಂಕ್ಷನ್
ಅಕ್ಟೋಬರ್ 30, 1985

ಡೆಸ್ಮಂಡ್ ಅವರಿಗೆ,

ಬರೆಯಬೇಡಿ ಅಂದಿದ್ದಿರಿ. ಆದರೂ ಗಿರಾಕಿಯೊಬ್ಬಳು ಆಟಿಕೆ ಕಂಪನಿಗೆ ಬರೆಯಬಹುದಲ್ಲ. ನನ್ನ ಮೊದಲ ಪತ್ರದಲ್ಲಿ ಒಂದು ತಿದ್ದುಪಡಿ ಇದೆ.

ನಿಮ್ಮ ಸೈನಿಕ ನಮ್ಮ ಅಂಗಡಿಯಲ್ಲಿ ಪೂರ್ತಿ ಖರ್ಚಾಗಿದ್ದಾನೆ. ತಮ್ಮೂರಿನ ಹೆಸರು ಅಚ್ಚಾದದ್ದನ್ನು ಈ ಊರಿನ ಮಕ್ಕಳು ಹಿಂದೆಂದೂ ನೋಡಿರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಬೂಟು ಗೂಟಕ್ಕೆ ಸಿಕ್ಕಿಸದೆ ಒಂದು ಮಗುವೂ ಮಲಗುತ್ತಿರಲಿಲ್ಲ. ತಂದೆಯರು ಬಯ್ದರು, ಆಮೇಲೆ ತಮ್ಮವನ್ನೂ ಸಿಕ್ಕಿಸಿದರು. ಈಗ ಶಾಲೆಯ ಬೇಲಿ, ಚರ್ಚಿನ ಬೇಲಿ, ಪೆಟ್ರೋಲ್ ಬಂಕಿನ ಹಿಂಬದಿ, ಎಲ್ಲಿ ನೋಡಿದರೂ ಗೂಟಗಳ ಮೇಲೆ ಅಂಗಾಲು ತೋರಿಸಿ ನಿಂತ ಬೂಟುಗಳೇ. ಇಡೀ ಊರನ್ನು ಯಾರೋ ತಲೆಕೆಳಗಾಗಿ ನೆಟ್ಟ ಹಾಗಿದೆ.

ಇಲ್ಲಿ ಇಬ್ಬರು ಅತಿಥಿಗಳಿದ್ದರು. ಪ್ರತಿ ಬೇಲಿಯ ಬಳಿ ನಿಂತು ನೋಡುವುದು, ಬಾಗಿಲು ತಟ್ಟುವುದು, "ಇದು ಯಾರದು?" ಅಂತ ಕೇಳುವುದು, ಇಷ್ಟೇ ಅವರ ಕೆಲಸ. ಮಾರ್ಸೆಲಿನೊ ಊಟದ ಮೇಜಿನಲ್ಲೇ ಕೇಳಿಬಿಟ್ಟ: "ಏನ್ ಸ್ವಾಮೀ, ಸರ್ಕಾರ ಈಗ ಬೂಟಿನ ಅಂಗಡಿ ಇಡ್ತಾ ಇದೆಯಾ?" ಮೇಜಿಗೆ ಮೇಜೇ ನಕ್ಕಿತು. ಹೋದ ವಾರ ಒಬ್ಬರು ಹೊರಟುಹೋದರು. ಇನ್ನೊಬ್ಬರು, ನಗುತ್ತಿದ್ದವರು, ಇನ್ನೂ ಇದ್ದಾರೆ. ಸಂಜೆ ನನ್ನ ಮನೆಯೆದುರು ಕಾರು ನಿಲ್ಲಿಸಿ ಕೂರುತ್ತಾರೆ. ಈಗ, ಇದನ್ನು ಬರೆಯುವಾಗಲೂ ಕೂತಿದ್ದಾರೆ. ಕಿಟಕಿಯ ಪರದೆ ಅಲುಗಿದರೆ ತಲೆ ಎತ್ತುತ್ತಾರೆ.

ನನ್ನ ಹಿತ್ತಲಿನ ಬೇಲಿಯನ್ನೂ ಪಕ್ಕದ ಮನೆ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಕಸ ಹಾಕಲು ಹೋದಾಗ ಅಲ್ಲಿ ಸಣ್ಣ ಬೂಟುಗಳ ಸಾಲಿನ ಕೊನೆಗೆ ದೊಡ್ಡದೊಂದು ಜೊತೆ ಇತ್ತು. ಹಿಮ್ಮಡಿಗೆ ಉತ್ತರದ ಗುಡ್ಡದ ಕೆಂಪು ಮಣ್ಣು ಅಂಟಿತ್ತು. ಲಾಡಿಯ ಜಾಗದಲ್ಲಿ ಕೆಂಪು ದಾರ. ಯಾರದೆಂದು ನನಗೆ ಗೊತ್ತಿಲ್ಲ. ಉಳಿದಿರುವ ಅತಿಥಿ ಮಧ್ಯಾಹ್ನ ಬಂದು ಎಲ್ಲವನ್ನೂ ನೋಡಿದರು, ಅದನ್ನೂ ನೋಡಿದರು, ಮುಂದಿನ ಮನೆಗೆ ಹೋದರು.

ಒಲೆಯ ಮೇಲೆ ಬೀನ್ಸು ಇಟ್ಟಿದ್ದೇನೆ. ಒಬ್ಬಳಿಗೆ ಸ್ವಲ್ಪ ಜಾಸ್ತಿಯೇ ಆಯಿತು.

ತಿದ್ದುಪಡಿ ಇಷ್ಟೇ. ಹೊಸ ಅಚ್ಚಿನಲ್ಲಿ ಹೆಸರು ತೆಗೆಯಿರಿ, ಊರು ತೆಗೆಯಿರಿ, ಬೇಕಾದರೆ ಮೂಗನ್ನೂ ಬದಲಾಯಿಸಿ. ಬೂಟಿನ ಸಾಲನ್ನು ಮಾತ್ರ ಮುಟ್ಟಬೇಡಿ. ದೇಶದ ಎಲ್ಲ ಮಕ್ಕಳೂ ಓದುವಂತೆ ದೊಡ್ಡ ಅಕ್ಷರದಲ್ಲಿ ಹಾಕಿ.

ಗ್ರಾಸಿಯಾನಾ